ತಂತಿಯ ಉಗುರು

ನನ್ನ ಮೊಮ್ಮಗಳನ್ನು ವೀಣೆ ಪಾಠಕ್ಕೆ ಒಪ್ಪಿಕೊಂಡರು! ಇವತ್ತು ಬೆಳಿಗ್ಗೆ, ಚನ್ನಪಟ್ಟಣದ ಕೋಟೆ ಬೀದಿಯಲ್ಲಿ, ನನ್ನ ಕಣ್ಣೆದುರಿಗೇ. ಸಂತೋಷಕ್ಕೆ ಕೈ ನಿಲ್ಲುತ್ತಿಲ್ಲ. ಅಕ್ಷರ ಸೊಟ್ಟಗಾದರೆ ಓದುವವರು ಹೊಂದಿಸಿಕೊಳ್ಳಿ. ಈ ಸಂತೋಷದ ಅಡಿಯಲ್ಲಿ ಒಂದು ಕಹಿಯೂ ಕೂತಿದೆ. ಅದನ್ನು ಬರೆಯದೆ ಬಿಡಲಾರೆ.

ನಮ್ಮಪ್ಪ ಅದೇ ಚನ್ನಪಟ್ಟಣದಲ್ಲಿ ವೀಣೆಗೆ ಉಕ್ಕಿನ ತಂತಿ ಎಳೆಯುತ್ತಿದ್ದ. ಕಂಬಿಯನ್ನು ಅಚ್ಚಿನ ಹಲಗೆಯ ದೊಡ್ಡ ತೂತಿನಿಂದ ಸಣ್ಣ ತೂತಿಗೆ ಎಳೆದೆಳೆದು ಕೂದಲಿನಷ್ಟು ಸಣ್ಣ ಮಾಡುವ ಕೆಲಸ. ಆಮೇಲೆ ಹಲಗೆಗೆ ಬಿಗಿದು, "ಮೀಟವ್ವ" ಎಂದು ನನ್ನನ್ನು ಕರೆಯುತ್ತಿದ್ದ. ತೋರುಬೆರಳು, ನಡುಬೆರಳು ಒಂದಾದ ಮೇಲೊಂದರಂತೆ ಉಗುರಿನಿಂದ ಮೀಟಿ ಕೇಳುತ್ತಿದ್ದೆ. ತಂತಿ ಒಂದೇ ಸಮ ಇಲ್ಲದಿದ್ದರೆ ದನಿ ನಡುಗುತ್ತಿತ್ತು. ಅಪ್ಪ ಅದನ್ನು ಮೂಲೆಗೆ ಎಸೆಯುತ್ತಿದ್ದ.

ತಂತಿ ಕೊಳ್ಳಲು ಬಂದ ವೈಣಿಕರೊಬ್ಬರು ನನ್ನ ಬಲಗೈ ಮೆಚ್ಚಿ ತಾವೇ ಪಾಠಕ್ಕೆ ಕರೆದರು. ಎಡಗೈ ತಂತಿ ಮುಟ್ಟಲೇ ಕೂಡದು, ಮೊದಲು ಬಲಗೈ. ಎರಡು ಬೆರಳೂ ಒಂದೇ ತೂಕದಲ್ಲಿ ಬೀಳಬೇಕು. ಪಕ್ಕದ ತಾಳದ ತಂತಿಗಳನ್ನು ಕಿರುಬೆರಳು ಕೆಳಗಿನಿಂದ ಮೇಲಕ್ಕೆ ಎಬ್ಬಿಸಬೇಕು. ಅದು ಕೈಗೆ ಹತ್ತುವ ಹೊತ್ತಿಗೆ ನನ್ನ ಮದುವೆ ಮಾಡಿಬಿಟ್ಟರು.

ಪಕ್ಕದೂರು ಕ್ಲೋಸ್‌ಪೇಟೆಯ ಗಂಡನ ಮನೆಯಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಕಸುಬು. ಕುದಿನೀರಿನ ಬಾನಿಯಲ್ಲಿ ತೇಲುವ ಗೂಡುಗಳಲ್ಲಿ ಬೆರಳಾಡಿಸಿ ಎಳೆ ಹುಡುಕಬೇಕು. ಉಗುರು ಮೆತ್ತಗಾಯಿತು, ಸೀಳಿತು, ಬುಡದವರೆಗೆ ಸವೆದು ಹೋಯಿತು. ತವರಿಗೆ ಬಂದಾಗ ಗುರುಗಳ ಮನೆಗೆ ಓಡಿದೆ. ಹುಳದ ನಾತಕ್ಕೆ ಮೂಗು ಮುಚ್ಚಿಕೊಂಡು, ದೂರದಿಂದಲೇ ನನ್ನ ಕೈ ನೋಡಿ ಅಂದರು: "ಉಗುರಿಲ್ಲದ ಕೈಗೆ ವೀಣೆ ಯಾಕಮ್ಮ? ಹೋಗಿ ಸಂಸಾರ ನೋಡಿಕೋ."

ನಂಬಿದೆ. ನಂಬಿಕೊಂಡೇ ಮುದುಕಿಯಾದೆ.

ಮೊಮ್ಮಗಳಿಗೆ ಹಿತ್ತಲಲ್ಲಿ ಹಲಗೆಯೊಂದಕ್ಕೆ ತಂತಿ ಬಿಗಿದು ಬಲಗೈ ಕಲಿಸಿದ್ದೆ. ಅವಳಿಗೆ ಅದೇ ಹುಚ್ಚಾಯಿತು. ಆದರೆ ಅವಳೂ ಅದೇ ಬಾನಿಯ ಮುಂದೆ ಕೂತವಳು. ಅವಳ ಉಗುರೂ ಹೋಗಿತ್ತು. ಪಾಠಕ್ಕೆ ಕಳಿಸು ಎಂದರೆ ನನ್ನ ಮಗ ಒಪ್ಪಲೊಲ್ಲ.

"ಬಾನಿಗೆ ಯಾರವ್ವ ಕೂರೋರು?"

"ನಾನ್ ಕೂರ್ತೀನಿ ಕಣ್ಲಾ. ನನ್ ಬೆಳ್ಳಲ್ಲಿ ಕೆಡಕ್ಕೆ ಇನ್ನೇನೈತೆ?"

"ಆಯ್ತು, ಕರ್ಕೊಂಡೋಗು. ಆ ವೀಣೆ ಅಮ್ಮ ಒಲ್ಲೆ ಅಂದ್ರೆ ಇವತ್ತಿಗೇ ಈ ಮಾತು ಮುಗೀತು ಅನ್ಕೋ."

ಹಾಗಾಗಿ ಬೆಳಗಿನ ರೈಲಿಗೆ ಹೊರಟೆವು. ಕೋಟೆ ಬೀದಿಯಲ್ಲಿ ಹೆಣ್ಣುಮಕ್ಕಳಿಗೆ ವೀಣೆ ಹೇಳಿಕೊಡುವ ವಯಸ್ಸಾದ ಅಮ್ಮ ಒಬ್ಬರಿದ್ದಾರೆ. ಅವರ ಮುಂದೆ ಹುಡುಗಿ ಬಲಗೈಯನ್ನು ಸೆರಗಿನೊಳಗೆ ಬಚ್ಚಿಟ್ಟಳು.

"ಕೈ ತೋರಿಸು ಮಗು."

ನೋಡಿದರು. ಅವರು ಎದ್ದು ಗೋಡೆಯ ಗೂಡಿನಿಂದ ಚೂರು ತಂತಿ ತೆಗೆದು, ಇಕ್ಕಳದಲ್ಲಿ ಬಗ್ಗಿಸಿ, ಅವಳ ಎರಡು ಬೆರಳಿಗೂ ತೊಡಿಸಿದರು. "ಈಗ ಮೀಟು."

ಮೀಟಿದಳು. ಉಗುರಿನ ದನಿಯಷ್ಟು ಮೆದುವಲ್ಲ, ಒಂದಿಷ್ಟು ಚುರುಕು. ಆದರೆ ಎರಡು ಬೆರಳೂ ಒಂದೇ ತೂಕ.

"ನಾಳಿದ್ದಿನಿಂದ ಬಾ. ಬಲಗೈ ಯಾರು ಹೇಳಿಕೊಟ್ಟರು?"

"ನಮ್ಮಜ್ಜಿ."

ನಾನು ಕೇಳಿದೆ: "ಈ ತಂತಿ ಉಗುರು ಈಗ ಬಂದದ್ದಾ ತಾಯಿ?"

"ಈಗೆಲ್ಲಿ? ನಮ್ಮಜ್ಜಿಯೂ ಇದನ್ನೇ ಹಾಕಿಕೊಳ್ಳುತ್ತಿದ್ದರು."

ಬೆರಳುದ್ದದ ತಂತಿ! ಅಪ್ಪ ದಿನಾ ಮೂಲೆಗೆ ಎಸೆಯುತ್ತಿದ್ದುದರಲ್ಲಿ ಒಂದು ಚೂರು ಸಾಕಿತ್ತು. ಗುರುಗಳಿಗೆ ಇದು ಗೊತ್ತಿರಲಿಲ್ಲವೆಂದರೆ ನಾನು ನಂಬಲಾರೆ. ಬಾನಿಯಲ್ಲಿ ಅದ್ದಿದ ಕೈ ಅವರ ವೀಣೆಗೆ ಬೇಡವಾಗಿತ್ತು, ಅಷ್ಟೇ. ಬೇಡವೆಂದೇ ಹೇಳಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ಅವರು ತಪ್ಪನ್ನು ನನ್ನ ಬೆರಳಿಗೆ ಅಂಟಿಸಿ ಕಳಿಸಿದರು.

ಸಂಜೆ ಎಲ್ಲರೂ ಒಟ್ಟಿಗೆ ಉಣ್ಣಲು ಕೂತರು, ನಾನು ಬಡಿಸುತ್ತಿದ್ದೆ. ಮುದ್ದೆ, ಹುರುಳಿ ಸಾರು. ಹುಡುಗಿ ತಂತಿ ತೆಗೆಯದೆ ತಣಿಗೆಗೆ ಕೈ ಹಾಕಿದಳು.

"ಕಳ್ಚಿಟ್ಟು ಉಣ್ಣೇ," ಎಂದ ಅವಳಪ್ಪ, "ಮುದ್ದೆ ಜೊತೇಲಿ ನುಂಗ್‌ಬುಟ್ಟೀಯ!"

ಎಲ್ಲರೂ ನಕ್ಕರು. ನನ್ನ ಯಜಮಾನರೂ ನಕ್ಕು ಕೇಳಿದರು: "ಅಂಗಾರೆ ನೀನೂ ಆವಾಗ ಒಸಿ ತಂತಿ ಸುತ್ಕೊಂಡು ಮೀಟ್ಬೋದಿತ್ತಲ್ಲೇ?"

"ಇನ್ನೊಂಚೂರು ಸಾರು ಬಿಡ್ಲಾ?" ಎಂದೆ.

ಬಡಿಸಿ, ನನ್ನ ತಣಿಗೆಯನ್ನೂ ಹಾಕಿಕೊಂಡು ಮೊಮ್ಮಗಳ ಪಕ್ಕದಲ್ಲೇ ಕೂತು ಉಂಡೆ. ಅವಳು ಕಳಚಿದ ತಂತಿಯ ಎರಡು ಉಗುರುಗಳು ನಮ್ಮಿಬ್ಬರ ನಡುವೆ ನೆಲದ ಮೇಲಿದ್ದವು.