ಕಿಟಕಿಯಿಂದ ಹಿಡಿಸಿದ ಸೀಟು

ದಸರಾ ರಜೆಯ ಕೊನೆಯ ವಾರ. ಮಗಳ ಇಬ್ಬರು ಹೆಣ್ಣುಮಕ್ಕಳು, ಆರು ವರ್ಷದವಳು ಮತ್ತು ಮೂರು ವರ್ಷದವಳು, ಸಾಗರದಲ್ಲಿ ನನ್ನ ಬಳಿ ಹತ್ತು ದಿನ ಇದ್ದರು. ಅವರನ್ನು ತೀರ್ಥಹಳ್ಳಿಗೆ ತಲುಪಿಸಿ, ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದು ಬರುವುದು ನನ್ನ ಪ್ಲ್ಯಾನ್. ಅಳಿಯ ಕಾರು ತರುತ್ತೇನೆ ಎಂದಿದ್ದರು. ನಾನೇ ಬೇಡವೆಂದೆ. "ಮಕ್ಕಳು ಬಸ್ಸನ್ನೂ ನೋಡಲಿ. ಎಲ್ಲದಕ್ಕೂ ಕಾರು ಅಂದ್ರೆ ಹೇಗೆ?" ಎಂದು ಫೋನಿನಲ್ಲಿ ಒಂದು ಲೆಕ್ಚರ್ ಬೇರೆ ಕೊಟ್ಟೆ.

ರಿಪ್ಪನ್‌ಪೇಟೆಯವರೆಗೆ ಸುಖವಾಗಿಯೇ ಬಂದೆವು. ಅಲ್ಲಿ ಬಸ್ಸು ಬದಲಿಸಬೇಕು. ಇಳಿದು ನೋಡಿದರೆ ಜನವೋ ಜನ. ತವರಿಗೆ ಹೋಗಿ ಹಿಂದಿರುಗುವವರು, ಕೈಗೊಂದು ಕಂಕುಳಿಗೊಂದು ಮಕ್ಕಳು, ತೆಂಗಿನಕಾಯಿ ತುಂಬಿದ ಚೀಲಗಳು. ತೀರ್ಥಹಳ್ಳಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಗಳೊಳಗೆ ಟವೆಲು, ಕರ್ಚೀಫು, ಒಂದು ಹೆಲ್ಮೆಟ್ಟು ಕೂಡ ಬಿದ್ದವು. ನಮ್ಮ ಕಡೆ ರಿಸರ್ವೇಶನ್ ಎಂದರೆ ಅದೇ. ಏನೂ ಸಿಗದಿದ್ದರೆ ಮಕ್ಕಳನ್ನೇ ಕಿಟಕಿಯಿಂದ ಒಳಗೆ ಇಳಿಸುತ್ತಾರೆ. ಹಾಗೆ ಮಾಡುವವರನ್ನು ಕಂಡು ಜೀವಮಾನವಿಡೀ ಮೂಗು ಮುರಿದವಳು ನಾನು. ಕ್ಯೂ ನಿಲ್ಲಲು ಬಾರದ ಜನ, ಎನ್ನುತ್ತಿದ್ದೆ.

ಚಿಕ್ಕವಳು ನನ್ನ ಹೆಗಲ ಮೇಲೆ ನಿದ್ದೆಹೋಗಿದ್ದಳು. ತೋಳು ಸೋತಿತ್ತು. ಬಾಗಿಲ ಬಳಿ ಹೋಗುವ ಹಾಗೇ ಇರಲಿಲ್ಲ. ಪಕ್ಕದಲ್ಲಿದ್ದ ಎತ್ತರದ ಗಂಡಸೊಬ್ಬರಿಗೆ ದೊಡ್ಡವಳನ್ನು ತೋರಿಸಿ, "ಸ್ವಲ್ಪ ಈ ಮಗೂನ ಕಿಟಕಿಯಿಂದ ಒಳಗೆ ಬಿಡ್ತೀರಾ?" ಎಂದೆ. ಅವರು ಎತ್ತಿಕೊಳ್ಳುವ ಮೊದಲು ಅವಳಿಗೆ ಇಂಗ್ಲಿಷಿನಲ್ಲಿ ಹೇಳಿಕೊಟ್ಟೆ: "ಕೀಪ್ ಟೂ ಸೀಟ್ಸ್. ಯಾರಾದ್ರೂ ಕೇಳಿದ್ರೆ, ಮೈ ಗ್ರ್ಯಾಂಡ್‌ಮದರ್ ಹ್ಯಾಸ್ ಲೆಗ್ ಪೇನ್, ಶಿ ಕಾಂಟ್ ಸ್ಟ್ಯಾಂಡ್ ಅಂತ ಹೇಳು."

"ರಿಯಲಿ ಅಜ್ಜಿ? ಕಾಲು ನೋವಾ?"

"ರಿಯಲಿ," ಎಂದೆ.

ಸುತ್ತಲಿನವರಿಗೆ ತಿಳಿಯಬಾರದ ಮಾತನ್ನು ಇಂಗ್ಲಿಷಿನಲ್ಲಿ ಆಡುವುದು ಕಾನ್ವೆಂಟ್ ದಿನಗಳಿಂದ ಅಂಟಿಕೊಂಡ ಚಟ. ಈಗಿನ ಕಾಲದಲ್ಲಿ ಅದು ಯಾರಿಗೆ ತಿಳಿಯುವುದಿಲ್ಲ ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ.

ಅವಳು ಒಳಗೆ ಇಳಿದಳು. ಜನ ನುಗ್ಗಿ ಹತ್ತುತ್ತಿದ್ದರು. ಅಷ್ಟರಲ್ಲಿ ಹಿಂದಿನ ಬಸ್ಸಿಗೆ ದಾರಿ ಬಿಡಲೆಂದು ನಮ್ಮ ಬಸ್ಸು ಇದ್ದಕ್ಕಿದ್ದಂತೆ ಮುಂದೆ ಹೊರಟಿತು. ಮಗು ಒಳಗೆ, ನಾನು ಹೊರಗೆ! ಎಪ್ಪತ್ತೆರಡು ವರ್ಷದ ನಾನು ನೆರಿಗೆ ಎತ್ತಿ ಹಿಡಿದು, ಹೆಗಲ ಮೇಲೆ ಇನ್ನೊಂದು ಮಗುವನ್ನು ಹೊತ್ತುಕೊಂಡೇ "ನಿಲ್ಸಿ, ನಿಲ್ಸಿ" ಎಂದು ಕೂಗುತ್ತ ಓಡಿದೆ. ಬಸ್ಸು ತುಸು ದೂರ ಹೋಗಿ ತಾನಾಗಿಯೇ ನಿಂತಿತು. ನಾನು ಓಡಿ ಬಂದದ್ದನ್ನು ಒಳಗಿದ್ದವರೆಲ್ಲ ಕಿಟಕಿಯಿಂದ ನೋಡಿದ್ದರು.

ಹತ್ತಿದೆ. ಇಬ್ಬರು ಕೂರುವ ಸೀಟಿನ ಮೇಲೆ ಮೊಮ್ಮಗಳು ಉದ್ದಕ್ಕೂ ಮಲಗಿಬಿಟ್ಟಿದ್ದಳು, ಯಾರಿಗೂ ಜಾಗವಾಗದಂತೆ. ಸೀಟಿನ ಪಕ್ಕದಲ್ಲಿ ಎಳೆಗೂಸನ್ನು ಎತ್ತಿಕೊಂಡ ಒಬ್ಬ ಹೆಂಗಸು ನಿಂತಿದ್ದಳು.

"ಇವ್ರೇನಾ ನಿಮ್ಮಜ್ಜಿ? ಕಾಲು ನೋವಿನವ್ರು?" ಎಂದು ಆಕೆ ಮೊಮ್ಮಗಳನ್ನು ಕೇಳಿದಳು.

"ಹೌದು. ಅವ್ರಿಗೆ ನಿಲ್ಲೋಕೆ ಆಗಲ್ಲ."

"ಓಡೋಕೆ ಆಗ್ತದೆ, ನಿಲ್ಲೋಕೆ ಮಾತ್ರ ಆಗೂದಿಲ್ಲ. ಎಂತಾ ಕಾಲು ಮಾರಾಯ್ತಿ ಇದು!"

"ತಾಲ್ಲೂಕು ಸ್ಪೋರ್ಟ್ಸಿಗೆ ಕಳ್ಸಿ ಅವ್ರನ್ನ," ಎಂದು ಹಿಂದಿನಿಂದ ಯಾರೋ ಅಂದರು. ಬಸ್ಸೆಲ್ಲ ನಕ್ಕಿತು.

ಮೊಮ್ಮಗಳ ಮುಖ ಕೆಂಪಾಯಿತು. ಎದ್ದು ಕೂತು, "ನಮ್ಮಜ್ಜಿ ಸುಳ್ಳು ಹೇಳಲ್ಲ! ನೀವೇ ಸುಳ್ಳಿ!" ಎಂದು ಆಕೆಯ ಮೇಲೆ ಕೂಗಿದಳು. ನನ್ನತ್ತ ತಿರುಗಿ, "ಅಜ್ಜಿ, ಟೆಲ್ ದೆಮ್!"

ಆಗ ನಿಜ ಹೇಳಬಹುದಿತ್ತು. ನಗೆಯಲ್ಲಿ ನಗೆಯಾಗಿ ಮುಗಿದುಹೋಗುತ್ತಿತ್ತು. ಆದರೆ ಅವಳ ಕಣ್ಣೆದುರು ಸುಳ್ಳುಗಾರ್ತಿ ಆಗುವುದು ನನ್ನಿಂದಾಗಲಿಲ್ಲ. ಬಗ್ಗಿ ಒಂದು ಕೈಯಲ್ಲಿ ಮಂಡಿ ಹಿಡಿದುಕೊಂಡು, "ಓಡಿದ್ದಕ್ಕೇ ನೋವು ಜಾಸ್ತಿ ಆಯ್ತು ಕಣಮ್ಮ," ಎಂದೆ.

ಆಕೆ ನನ್ನ ಮುಖಕ್ಕೆ ಹತ್ತಿರ ಬಂದು, ನನಗೊಬ್ಬಳಿಗೇ ಕೇಳುವಂತೆ, "ಕೆಳಗೆ ನಿಮ್ಮ ಹಿಂದೇ ಇದ್ದೆ ನಾನು. ನಂಗೂ ಇಂಗ್ಲಿಷ್ ತಿಳೀತದೆ ಅಮ್ಮಾ," ಎಂದಳು. ಆಮೇಲೆ ಮಗುವಿಗೆ ಕೇಳುವಂತೆ, "ಆಯ್ತು ಪುಟ್ಟಿ, ಪಾಪ, ನಿಮ್ಮಜ್ಜಿಗೆ ನೋವುಂಟು. ಕೂತ್ಕಳ್ಲಿ," ಎಂದಳು.

ಚಿಕ್ಕವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಾನು ಕೂತೆ. ಮೊಮ್ಮಗಳು ಎದ್ದು ನಿಂತಳು. "ನಂಗೆ ಕಾಲು ನೋವಿಲ್ಲ. ಆಂಟಿ, ನೀವು ಕೂತ್ಕೊಳಿ. ಪಾಪು ಇದೆ ಅಲ್ವಾ?"

ಆಕೆ ನನ್ನ ಪಕ್ಕ ಕೂತಳು. ಹೀಗೆ ಕೋಣಂದೂರಿನವರೆಗೆ ಬಂದೆವು. ತಿರುವು ಬಂದಾಗಲೆಲ್ಲ ಆ ಮಗು ಮುಂದಿನ ಸೀಟಿನ ಕಂಬಿಗೆ ಎರಡೂ ಕೈಯಿಂದ ಜೋತುಬೀಳುತ್ತಿತ್ತು. ಗಟ್ಟಿ ಕಾಲಿನ ನಾನು ಕೂತೇ ಇದ್ದೆ. ಎದ್ದರೆ ಗುಟ್ಟು ಬಯಲಾಗುತ್ತಿತ್ತು. ಎಳೆಗೂಸಿನ ತಾಯಿ ಒಮ್ಮೆ ಅವಳನ್ನು ಹತ್ತಿರ ಎಳೆದು ತನ್ನ ಭುಜಕ್ಕೆ ಒರಗಿಸಿಕೊಂಡಳು. ನನ್ನ ಜೊತೆ ಮಾತಾಡಲಿಲ್ಲ. ಕೋಣಂದೂರಿನಲ್ಲಿ ಮೊಮ್ಮಗಳ ಕೆನ್ನೆ ತಟ್ಟಿ ಇಳಿದುಹೋದಳು.

ತೀರ್ಥಹಳ್ಳಿಯಲ್ಲಿ ನಾನು ಕುಂಟುತ್ತ ಇಳಿದೆ. ಹೌದು, ಕುಂಟಿದೆ. ಮೊಮ್ಮಗಳು ಓಡಿಹೋಗಿ ಅಮ್ಮನಿಗೆ ಸುದ್ದಿ ಹೇಳಿಬಿಟ್ಟಳು. ಮಗಳು ಬಿಸಿನೀರು, ಎಣ್ಣೆ ತಂದು ಮಂಡಿ ತಿಕ್ಕಿದಳು. "ನೋವಿದ್ರೂ ಬಾಯಿ ಬಿಡಲ್ಲ ನಮ್ಮಮ್ಮ," ಎಂದಳು. ಮಕ್ಕಳು ಅಪ್ಪನ ಜೊತೆ ಹೊಳೆಗೆ ಹೊರಟಾಗ ನಾನೂ ಚಪ್ಪಲಿ ಮೆಟ್ಟಿದೆ. "ನೋ ನೋ, ಯು ರೆಸ್ಟ್ ಅಜ್ಜಿ," ಎಂದು ದೊಡ್ಡವಳು ನನ್ನ ಕಾಲ ಕೆಳಗೆ ದಿಂಬು ಇಟ್ಟು ಹೋದಳು. ಎರಡು ದಿನ ಆ ದಿಂಬಿನ ಮೇಲೆ ಕಾಲು ಚಾಚಿ ಕೂತಿದ್ದೆ. ಅದಕ್ಕಿಂತ ನಿಜವಾದ ನೋವೇ ಮೇಲು ಎನಿಸಿತು.

ಮೂರನೆಯ ದಿನ ಬೆಳಿಗ್ಗೆ ಅವಳಿಗೆ ಜಡೆ ಹೆಣೆಯುವಾಗ ಹೇಳಿದೆ. ಎದುರಿಗೆ ಮುಖ ಇಲ್ಲದ್ದರಿಂದ ಹೇಳಲು ಆಯಿತೋ ಏನೋ.

"ನನ್ನ ಕಾಲಿಗೆ ಏನೂ ಆಗಿರ್ಲಿಲ್ಲ ಪುಟ್ಟಾ. ಸೀಟಿಗೋಸ್ಕರ ಸುಳ್ಳು ಹೇಳ್ದೆ."

ಬಯ್ಯಬಹುದು, ಅಳಬಹುದು ಎಂದುಕೊಂಡಿದ್ದೆ.

"ಹಾಗಾದ್ರೆ ಪಾಪು ಅಮ್ಮ ಹೇಳಿದ್ದೇ ಕರೆಕ್ಟಾ?"

"ಹೂಂ."

"ನಾನು ಅವ್ರಿಗೆ ಸುಳ್ಳಿ ಅಂದ್ಬಿಟ್ಟೆ." ಅವಳ ದನಿ ಸಣ್ಣಗಾಯಿತು. "ಸಾರಿ ಹೇಳ್ಬೇಕು. ಅವ್ರ ಮನೆ ಎಲ್ಲಿ?"

"ಕೋಣಂದೂರಲ್ಲಿ ಇಳಿದ್ರಲ್ಲ. ಮನೆ ಗೊತ್ತಿಲ್ಲ. ಈಗ ಬಸ್ಸೆಲ್ಲ ರಶ್ ಇರತ್ತೆ, ಸೀಟ್ ಸಿಗಲ್ಲ."

"ನಿಂತ್ಕೊಂಡೇ ಹೋಗೋಣ," ಎಂದಳು. "ನೀವೂ ನಿಲ್ಬಹುದಲ್ಲ ಈಗ?"

ಜಡೆಗೆ ರಿಬ್ಬನ್ ಕಟ್ಟುತ್ತ, ನೋಡೋಣ ಎಂದೆ. ನಾವು ಹೋಗಲಿಲ್ಲ. ರಜೆ ಮುಗಿಯಿತು, ಅವಳಿಗೆ ಸ್ಕೂಲು ಶುರುವಾಯಿತು. ಸಾಗರಕ್ಕೆ ಹಿಂದಿರುಗುವ ದಿನ ಅಳಿಯ ಕಾರಿನಲ್ಲಿ ಬಿಡುತ್ತೇನೆ ಎಂದಾಗ ನಾನು ಬೇಡವೆನ್ನಲಿಲ್ಲ.