ಆಣೆ ಬಿಟ್ಟ ಗುತ್ತೆವ್ವ

ಮಾಸೂರಿನಲ್ಲಿ ಒಂದು ಕಾಲಕ್ಕೆ ಎಲ್ಲರೂ ಅವಳನ್ನು ‘ನಿನ್ನಾಣಿ ಗುತ್ತೆವ್ವ’ ಎಂದೇ ಕರೆಯುತ್ತಿದ್ದರು. ಅವಳು ದುಂಡಸಿಯಲ್ಲಿ ಹುಟ್ಟಿ, ಮಾಸೂರಿನ ನೀಲಪ್ಪನ ಕೈಹಿಡಿದು ಬಂದವಳು. ನೀಲಪ್ಪ ಬೇಗ ತೀರಿಕೊಂಡ. ಅವಳ ಪಾಲಿಗೆ ಉಳಿದದ್ದು ಮದಗದ ಕೆರೆಯ ಕೆಳಗೆ ಅರ್ಧ ಎಕರೆ ಗದ್ದೆ, ಕೊಟ್ಟಿಗೆಯಲ್ಲಿ ಒಂದು ಎಮ್ಮೆ. ಮನೆಮನೆಗೆ ಹಾಲು ಹಾಕಿ ಬದುಕಿದಳು. ಹಾಲು ತೆಳ್ಳಗಿದೆ ಎಂದು ಯಾರಾದರೂ ಮುಖ ಸಿಂಡರಿಸಿದರೆ ಸಾಕು, ಅವಳ ಬಾಯಿಂದ ಆಣೆಗಳು ಸುರಿಯುತ್ತಿದ್ದವು.

“ನಿನ್ನಾಣಿ ಯಕ್ಕಾ, ಒಂದ್ ಹನಿ ನೀರ ಹಾಕಿಲ್ಲ. ನನ್ನ ಎಮ್ಮಿ ಆಣಿ. ಸತ್ತ ಗಂಡನ ಆಣಿ.”

“ಸತ್ತ ಗಂಡಗ ಇನ್ನೇನ ಆಗೂದೈತಿ ಬಿಡು. ಎಮ್ಮೀನ ಜ್ವಾಕಿ ಮಾಡು,” ಎಂದು ನೆರೆಮನೆಯ ಸರೋಜವ್ವ ನಗುತ್ತಿದ್ದಳು.

ಆಗ ಮಿಶನ್ನಿನ ಉಪದೇಶಿ ಮಲ್ಲೇಶಪ್ಪನವರು ಹಿರೇಕೆರೂರಿನ ಸುತ್ತಿನ ಹಳ್ಳಿಗಳಲ್ಲಿ ಬೋಧನೆ ಮಾಡುತ್ತ ತಿರುಗುತ್ತಿದ್ದರು. ಗುತ್ತೆವ್ವ ಹಾಲಿನ ಚರಿಗೆ ಕೆಳಗಿಟ್ಟು, ದೂರ ನಿಂತು ಕೇಳುತ್ತಿದ್ದಳು. ಒಂದು ದಿನ ಅವರು, ಆಣೆಯನ್ನೇ ಇಡಬೇಡಿ, ಹೌದಾದರೆ ಹೌದು ಅನ್ನಿ, ಅಲ್ಲವಾದರೆ ಅಲ್ಲ ಅನ್ನಿ ಎಂದು ಯೇಸುಸ್ವಾಮಿ ಅಪ್ಪಣೆ ಕೊಟ್ಟಿದ್ದಾನೆ ಎಂದರು. ಬೇರೆಯವರು ಅದನ್ನು ಕೇಳಿ ಮರೆತರು. ಗುತ್ತೆವ್ವನಿಗೆ ಮಾತ್ರ ಯಾರೋ ಹೆಸರು ಹಿಡಿದು ಕರೆದಂತಾಯಿತು. ಮನೆಗೆ ಬಂದು ಎಮ್ಮೆಯ ಪಕ್ಕದಲ್ಲಿ ಕುಳಿತು ಯೋಚಿಸಿದಳು. ನೀರು ಹಾಕದ ದಿನ ಅವಳಿಗೆ ಆಣೆಯ ನೆನಪೇ ಆಗುತ್ತಿರಲಿಲ್ಲ. ಹಾಕಿದ ದಿನವೇ ಅದು ಬೇಕಾಗುತ್ತಿತ್ತು.

ಮರುದಿನದಿಂದ ನೀರನ್ನೂ ಬಿಟ್ಟಳು, ಆಣೆಯನ್ನೂ ಬಿಟ್ಟಳು. ಜನಕ್ಕೆ ಅದೇ ಸಂಶಯವಾಯಿತು. “ಇವತ್ತ ಆಣಿ ಇಲ್ಲ ಅಂದ್ರ ಅರ್ಧಕ್ಕರ್ಧ ನೀರ ಇರಬೇಕು,” ಎಂದು ಸರೋಜವ್ವ ಹಾಲನ್ನು ಬೆರಳಿಗೆ ಹಚ್ಚಿ ನೋಡಿದಳು.

ಕೆಲ ದಿನಗಳ ಮೇಲೆ ಗುತ್ತೆವ್ವ ದೀಕ್ಷಾಸ್ನಾನ ಮಾಡಿಸಿಕೊಂಡಳು. ಹೊಸ ಹೆಸರು ಇಡೋಣವೆಂದರೆ ಒಪ್ಪಲಿಲ್ಲ. “ಹೆಸರ ಬದ್ಲಿ ಮಾಡಿದ್ರ ನನ್ನ ಎಮ್ಮಿಗೆ ಗುರುತು ಸಿಗೂದಿಲ್ರಿ,” ಎಂದಳು. ಮತ ಬದಲಿಸಿದಳೆಂದು ನಾಲ್ಕು ಮನೆಯವರು ಅವಳ ಹಾಲು ನಿಲ್ಲಿಸಿದರು. ವರ್ಷದೊಳಗೆ ಮೂರು ಮನೆಯವರು ತಾವಾಗಿಯೇ ತಿರುಗಿ ಕರೆದರು. ಅಂಥ ಹಾಲು ಊರಲ್ಲಿ ಬೇರೆಲ್ಲೂ ಸಿಗುತ್ತಿರಲಿಲ್ಲ.

೧೯೪೧ರಲ್ಲಿ ಮಳೆ ಹಿಂದಾಗಿ ಕೆರೆ ಅರ್ಧ ಮಾತ್ರ ತುಂಬಿತು. ಎಂಟು ದಿನಕ್ಕೊಮ್ಮೆ ಒಬ್ಬೊಬ್ಬರ ಗದ್ದೆಗೆ ನೀರಿನ ಪಾಳಿ. ಬೇರೆಯವರ ಪಾಳಿಯಲ್ಲಿ ಕಾಲುವೆಯ ಒಡ್ಡು ಒಡೆದು ನೀರು ಕದ್ದವನು ಸುಗ್ಗಿಯ ತನಕ ತನ್ನ ಪಾಳಿ ಕಳೆದುಕೊಳ್ಳಬೇಕು, ಅದು ನೀರು ಕಳೆದುಕೊಂಡವನಿಗೆ ಸೇರಬೇಕು ಎಂಬುದು ಪಂಚರ ಕಟ್ಟಳೆ. ಈ ಕಟ್ಟಳೆಯನ್ನೇ ಹಿಡಿದು ಸಾಹುಕಾರ ಪರಮೇಶ್ವರಪ್ಪ ಒಂದು ಹೂಟ ಹೂಡಿದ. ಅವನ ಪಾಳಿಯ ದಿನ ಬೆಳಗಿನ ಜಾವ ಅವನ ಆಳು ಚಂದ್ರಪ್ಪ ಗುದ್ದಲಿ ಹಿಡಿದು, ಪಕ್ಕದ ಗದ್ದೆಯ ಹಯಾತನ ಕಡೆಗೆ ತಾನೇ ಒಡ್ಡು ಒಡೆದ. ಆಮೇಲೆ ಹಯಾತ ನೀರು ಕದ್ದನೆಂದು ಬೊಬ್ಬೆ ಹಾಕಿದ.

ಹುಲ್ಲು ಕೊಯ್ಯಲು ಹೋಗಿದ್ದ ಗುತ್ತೆವ್ವ ಎಲ್ಲವನ್ನೂ ಕಣ್ಣಾರೆ ಕಂಡಿದ್ದಳು. ಅವಳ ಗದ್ದೆಯೂ ಅಲ್ಲೇ ಪಕ್ಕದಲ್ಲಿತ್ತು.

ಚಾವಡಿಯಲ್ಲಿ ಪಂಚರು ಕೂಡಿದರು. ಹಿರಿಯ ಶಂಕ್ರಪ್ಪ ನ್ಯಾಯ ಕೇಳಿದ. ಗುತ್ತೆವ್ವ ಎದ್ದು, “ಒಡ್ಡ ಒಡದಾಂವ ಚಂದ್ರಪ್ಪ. ನಾ ನೋಡೇನಿ,” ಎಂದಳು.

ಚಂದ್ರಪ್ಪ ಭಂಡಾರ, ಅಂದರೆ ದೇವರ ಅರಿಶಿನ ಮುಟ್ಟಿ, ಒಡೆದವನು ಹಯಾತನೇ ಎಂದು ಆಣೆ ಮಾಡಿದ.

“ಈಗ ನೀನೂ ಆಣಿ ಮಾಡವ್ವ. ನಿನ್ನ ದೇವರ ಮ್ಯಾಲೇ ಮಾಡು,” ಎಂದ ಶಂಕ್ರಪ್ಪ.

“ಆ ದೇವರೇ ಆಣಿ ಬ್ಯಾಡ ಅಂದಾನ್ರಿ. ನೋಡಿದ್ದ ಹೇಳೇನಿ. ಹೌದಂದ್ರ ಹೌದು.”

ಚಾವಡಿಯ ತುಂಬ ನಗು. “ಹಿಂದ ನೀರ ಹಾಲಿಗೆ ಇಪ್ಪತ್ತ ಆಣಿ ಇಡ್ತಿದ್ಲು, ಈಗ ಒಂದಕ್ಕ ಬಡತನ ಬಂತೇನ!” ಎಂದು ಒಬ್ಬ ಚುಚ್ಚಿದ.

ಗುತ್ತೆವ್ವನ ಮೈಯೆಲ್ಲ ಉರಿಯಿತು. “ಆಗ ಸುಳ್ಳ ಹೇಳತಿದ್ದೆ, ಆಣಿ ಬೇಕಾಗತಿತ್ತು! ಐದ ವರ್ಷ ಆತು, ನನ್ನ ಹಾಲ ಕುಡದೀರಿ. ಒಂದ್ ದಿನಾನರ ನೀರ ಸಿಕ್ಕೈತೇನು? ಇವತ್ತ ನನ್ನ ಮಾತಿಗೆ ಏನ ಕಡಿಮಿ ಆತು? ಅಂವ ಭಂಡಾರ ಮುಟ್ಟಿ ಸುಳ್ಳಾಡ್ಯಾನ. ಅದು ಭಂಡಾರದ ತಪ್ಪಲ್ಲ, ಕೇಳಿ ತಲಿದೂಗಿದ ನಿಮ್ಮದು!”

ಉಪದೇಶಿ ಮಲ್ಲೇಶಪ್ಪನವರು ಅಂದು ಊರಲ್ಲೇ ಇದ್ದರು. ಅವಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: “ತಂಗಿ, ಕೋರ್ಟಿನ್ಯಾಗ ನಮ್ಮವರೂ ಪ್ರಮಾಣ ಮಾಡತಾರ. ಒಬ್ಬನ ಬೆಳಿ ಉಳಿತೈತಿ. ಮಾಡಿಬಿಡು.”

“ಅಣ್ಣಾರ, ನನಗ ಇದನ್ನ ಕಲಿಸಿದವರು ಯಾರು?”

“ನಾನ. ಆದ್ರ...”

“ಕಲಿಸುವಾಗ ‘ಆದ್ರ’ ಇರಲಿಲ್ಲರಿ. ನನಗ ಓದಾಕ ಬರೂದಿಲ್ಲ, ನೀವು ಹೇಳಿದ್ದ ಅಷ್ಟ ಗೊತ್ತು. ದೇವರ ಮಾತು ಪಾಳಿ ನೀರಲ್ಲ, ನಮಗ ಬೇಕಾದ ಕಡೆ ತಿರುವಾಕ.”

ಆಣೆ ಇಟ್ಟ ಸಾಕ್ಷಿಯೇ ಮೇಲೆಂದು ಪಂಚರು ಹಯಾತನ ಪಾಳಿ ಕಿತ್ತು ಪರಮೇಶ್ವರಪ್ಪನಿಗೆ ಕೊಟ್ಟರು.

ಹೊರಗೆ ಹಯಾತ ಅವಳ ದಾರಿಗೆ ಅಡ್ಡ ನಿಂತ. ಅವನ ಕಣ್ಣು ಕೆಂಪಾಗಿದ್ದವು. “ಒಂದ್ ಮಾತು ಯಕ್ಕಾ! ಒಂದ್ ಮಾತ ಅಂದಿದ್ರ ನಿಂದೇನ ಹೋಗತಿತ್ತು? ನಿನ್ನ ಹಟಕ್ಕ ನನ್ನ ಮಕ್ಕಳ ಕೂಳು ಹೋತು.”

ತಾನು ದೇವರ ಮಾತು ನಡೆಸಿದೆ, ಆದರೆ ಅದರ ಭಾರ ಇವನ ತಲೆಯ ಮೇಲೆ ಬಿತ್ತಲ್ಲ ಎಂಬುದು ಗುತ್ತೆವ್ವನನ್ನು ಒಳಗೊಳಗೇ ಕೊರೆಯಿತು. ತನ್ನ ವಿಧೇಯತೆಗೆ ತಾನೇ ನಷ್ಟ ಹೊರಬೇಕು, ಇನ್ನೊಬ್ಬನಲ್ಲ. ಅಷ್ಟು ಅವಳಿಗೆ ತಿಳಿಯಿತು.

ತನ್ನ ಪಾಳಿಯ ದಿನ ಗುದ್ದಲಿ ಹಿಡಿದು ಹೋಗಿ, ಅರ್ಧ ದಿನದ ನೀರನ್ನು ಹಯಾತನ ಗದ್ದೆಗೆ ತಿರುಗಿಸಿದಳು. ಚಂದ್ರಪ್ಪ ಓಡಿ ಬಂದ. “ಕಳ್ಳಗ ನೀರ ಕೊಡಾಕತ್ತೀಯೇನ?”

“ಪಾಳಿ ನಂದು. ನನ್ನ ನೀರ ನಾ ಬೇಕಾದವರಿಗೆ ಕೊಡ್ತೇನಿ. ಹೋಗು, ಇದಕ್ಕೂ ಒಂದು ಆಣಿ ಮಾಡಿ ಬಾ!”

ಸುಗ್ಗಿಯ ತನಕ ಹಾಗೇ ಮಾಡಿದಳು. ಹಯಾತನ ಬೆಳೆ ಅರ್ಧ ಉಳಿಯಿತು. ಅವಳ ಭತ್ತದಲ್ಲಿ ಅರ್ಧ ಜೊಳ್ಳಾಯಿತು. ಆ ವರ್ಷ ಅವಳು ಅನ್ನ ಉಂಡದ್ದು ಕಡಿಮೆ. ಉಪದೇಶಿಯವರು ಬಂದು ಜೊಳ್ಳಿನ ರಾಶಿ ನೋಡಿದರು. ಆಣೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಮರುವರ್ಷ ಶಂಕ್ರಪ್ಪನ ಹೊಲದ ಗಡಿಕಲ್ಲನ್ನು ಅದೇ ಪರಮೇಶ್ವರಪ್ಪನ ಆಳುಗಳು ಸರಿಸಿದರು. ಅದನ್ನೂ ಗುತ್ತೆವ್ವ ಕಂಡಿದ್ದಳು. ಶಂಕ್ರಪ್ಪ ಅವಳ ಮನೆಯ ಬಾಗಿಲಿಗೇ ಬಂದ.

“ಚಾವಡಿಗೆ ಬಂದು ನೋಡಿದ್ದ ಹೇಳಬೇಕವ್ವ. ನಿನಗ ಆಣಿ ಗೀಣಿ ಬ್ಯಾಡ. ನೀ ಸುಳ್ಳಾಡೂದಿಲ್ಲ ಅಂತ ಊರಿಗೇ ಗೊತ್ತೈತಿ.”

ಸಗಣಿ ಸಾರಿಸುತ್ತಿದ್ದ ಅವಳ ಕೈ ನಿಂತಿತು. “ಯಾವಾಗಿಂದ ಗೊತ್ತಾತರಿ?”

“ಮೊದ್ಲಿಂದೂ ಗೊತ್ತೈತವ್ವ.”

ಮೊದಲಿನಿಂದಲೂ! ತಿಳಿಯದೆ ತಪ್ಪು ಮಾಡಿದ್ದರೆ ಅವಳು ಕ್ಷಮಿಸಿಬಿಡುತ್ತಿದ್ದಳು. ಗೊತ್ತಿದ್ದೂ ಒಬ್ಬ ಬಡವನ ನೀರು ಕಿತ್ತರಲ್ಲ ಎಂದು ಅವಳ ಹಲ್ಲು ಕಟಕಟಿಸಿದವು. ಆದರೂ ಕೈ ತೊಳೆದುಕೊಂಡು ಹೋದಳು. ಕಂಡದ್ದನ್ನು ಹೇಳಲೇಬೇಕು, ಅದು ಯಾರಿಗೆ ಅನುಕೂಲವಾದರೂ.

ಚಾವಡಿಯಲ್ಲಿ ಒಂದೇ ಮಾತು ಹೇಳಿದಳು: “ಕಲ್ಲ ಸರಿಸಿದವರು ಸಾಹುಕಾರರ ಆಳುಗಳು. ನಾ ನೋಡೇನಿ.” ಪಂಚರು ಒಪ್ಪಿದರು. ಆದರೆ ಗುತ್ತೆವ್ವ ಕೂರಲಿಲ್ಲ.

“ಈ ಬಾಯಿ ಹೋದ ವರ್ಷನೂ ಇಲ್ಲೇ ಇತ್ತರಿ. ಇವತ್ತ ಆಣಿ ಇಲ್ದ ಖರೇ ಆದದ್ದು ಅವತ್ತ ಹೆಂಗ ಸುಳ್ಳಾತು? ನಿಮ್ಮ ಹೊಲದ ಕಲ್ಲಿಗೆ ಒಂದ್ ನ್ಯಾಯ, ಹಯಾತನ ನೀರಿಗೆ ಒಂದ್ ನ್ಯಾಯ ಏನ್ರಿ?”

ಶಂಕ್ರಪ್ಪ ನೆಲ ನೋಡಿದ. “ಒಡ್ಡ ಒಡದಾಂವ ಹಯಾತಲ್ಲ,” ಎಂದ.

“ಜ್ವಾರಲೆ ಅನ್ರಿ. ಅವತ್ತ ನಕ್ಕವರಿಗೂ ಕೇಳ್ಲಿ.”

ಅವನು ಜೋರಾಗಿ ಅಂದ. ಸುಗ್ಗಿ ಮುಗಿದರೂ ಸಾಹುಕಾರ ಬಿಟ್ಟುಕೊಡದಿದ್ದ ಹಯಾತನ ಪಾಳಿ ಈ ವರ್ಷ ಹಯಾತನಿಗೇ ಎಂದು ಪಂಚರು ಒಪ್ಪಿಕೊಂಡರು. “ಇನ್ನರ ಸಮಾಧಾನ ಆತಿಲ್ಲೋ?” ಎಂದು ಶಂಕ್ರಪ್ಪ ಕೇಳಿದ.

“ಇಲ್ಲರಿ,” ಎಂದು ಗುತ್ತೆವ್ವ ಸೆರಗು ಕೊಡವಿಕೊಂಡು ಹೊರಟಳು. ಎಮ್ಮೆ ಕರೆಯುವ ಹೊತ್ತಾಗಿತ್ತು.

ಅಂದು ಸಂಜೆ ಹಾಲು ಹಾಕಲು ಹೋದಾಗ ಹಯಾತ ತಾನೇ ಪಾತ್ರೆ ಹಿಡಿದು ತನ್ನ ಮನೆಯ ಬಾಗಿಲಲ್ಲಿ ನಿಂತಿದ್ದ. ವರ್ಷದಿಂದ ಅವಳೊಡನೆ ಮಾತಾಡಿರಲಿಲ್ಲ. “ಹಾಲ ಹೆಂಗೈತಿ ಯಕ್ಕಾ?” ಎಂದ.

“ನೀರ ಹಾಕಿಲ್ಲ,” ಎಂದಳು ಗುತ್ತೆವ್ವ, ಇನ್ನೂ ಸಿಟ್ಟಿನ ದನಿಯಲ್ಲೇ.

ಹಯಾತ ಪಾತ್ರೆ ಮುಂದೆ ಚಾಚಿದ.