ಎಳೆದು ಕೂರಿಸಿದ ಸ್ಪೀಕರ್

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಮತ್ತೆ ಪಾಠಕ್ಕೆ ಕೂತದ್ದು ನಲವತ್ತಾರನೇ ವಯಸ್ಸಿನಲ್ಲಿ, ಐರ್ಲೆಂಡಿನ ಅತ್ಲೋನ್‌ನಲ್ಲಿ. ಲಾಕ್‌ಡೌನ್‌ನಿಂದ ನಾನು ಅಡುಗೆ ಮಾಡುತ್ತಿದ್ದ ಹೋಟೆಲು ಮುಚ್ಚಿತ್ತು. ನರ್ಸ್ ಆಗಿದ್ದ ಹೆಂಡತಿ ನನ್ನನ್ನು ಆನ್‌ಲೈನ್ ಇಂಗ್ಲಿಷ್ ತರಗತಿಗೆ ಸೇರಿಸಿದಳು. ಕೊನೆಯಲ್ಲಿ ಒಬ್ಬ ಗಣ್ಯರ ಬದುಕಿನ ಬಗ್ಗೆ ಬರೆದು ಕಳಿಸಿ, ಐದು ನಿಮಿಷ ಮಾತಾಡಿದರೆ ಸರ್ಟಿಫಿಕೇಟು. ಅದುವರೆಗೆ ನನ್ನ ಹೆಸರು ಚಂದವಾಗಿ ಅಚ್ಚಾಗಿದ್ದ ಕಾಗದವೆಂದರೆ ಮದುವೆಯ ಲಗ್ನಪತ್ರಿಕೆ ಒಂದೇ.

ನಾನು ಕೆನಡಾ ಸಂಸತ್ತಿನ ಹಿಂದಿನ ಸ್ಪೀಕರ್ ಒಬ್ಬರನ್ನು ಆರಿಸಿಕೊಂಡೆ. ಸ್ಪೀಕರ್ ಅಂದಮೇಲೆ ಭಾರೀ ಮಾತುಗಾರರಿರಬೇಕು, ನಾಲ್ಕು ಮಾತು ಕಲಿಯೋಣ ಅಂತ. ಸಣ್ಣ ಊರಿನ ವಕೀಲರು, ಮೊದಲ ಚುನಾವಣೆಯಲ್ಲಿ ಸೋತು ಎರಡನೆಯದರಲ್ಲಿ ಗೆದ್ದು, ವರ್ಷಗಟ್ಟಲೆ ಹಿಂದಿನ ಸಾಲಿನಿಂದ ವಾದಿಸಿದವರು. ಸ್ಪೀಕರ್ ಆದಮೇಲೆ ವಾದ ಬಂದ್.

"ಪೀಠದಲ್ಲಿ ಕೂತ್ಮೇಲೆ ಬರೀ ಬೇರೆಯವ್ರ ಮಾತು ಕೇಳ್ಬೇಕಂತೆ ಕಣೇ," ಅಂದೆ.

"ಹಂಗಾದ್ರೆ ಮದ್ವೆ ಆದಾಗಿಂದ ನೀವೂ ಸ್ಪೀಕರ್ರೇ ಬಿಡಿ," ಅಂದಳು.

ಕೆನಡಾ ಸಂಸತ್ತಿನಲ್ಲೊಂದು ಸಂಪ್ರದಾಯವಿದೆ. ಆಯ್ಕೆಯಾದ ಸ್ಪೀಕರ್ ಒಲ್ಲೆನೆಂಬಂತೆ ಹಿಂಜಗ್ಗಬೇಕು. ಪ್ರಧಾನಿಯೂ ವಿರೋಧ ಪಕ್ಷದ ನಾಯಕರೂ ತೋಳು ಹಿಡಿದು ಎಳೆದೊಯ್ದು ಪೀಠದಲ್ಲಿ ಕೂರಿಸಬೇಕು. ಎರಡನೇ ಒಬ್ಬಟ್ಟು ಬಂದಾಗ ನಾವು ಎಲೆಗೆ ಕೈ ಅಡ್ಡ ಹಿಡಿಯುವ ಹಾಗೆ. ಇಷ್ಟನ್ನೂ ಒಂದೇ ಬೆರಳಲ್ಲಿ ಟೈಪ್ ಮಾಡಿ ಟೀಚರಿಗೆ ಕಳಿಸಿದೆ.

ಮಾತಾಡಬೇಕಾದ ದಿನ ಟೀಚರ್ ಮೊದಲು ನನ್ನನ್ನೇ ಕೇಳಿದರು, ಶುರು ಮಾಡ್ತೀರಾ ಅಂತ. ತಯಾರಾಗೇ ಇದ್ದೆ. ಚೆನ್ನಾಗಿದ್ದೀನಿ ಅನ್ನೋಕೆ ಇಲ್ಲಿನವರು ಹೇಳುವುದನ್ನು ಕೇಳಿ ಕಲಿತಿದ್ದ ಮಾತನ್ನು ಹೆಮ್ಮೆಯಿಂದ ಹೇಳಿದೆ: "ಐ ಆಮ್ ಗ್ರ್ಯಾಂಡ್."

"ನೋ ಬಾದರ್," ಪರವಾಗಿಲ್ಲ ಬಿಡಿ ಅಂದು ಮುಂದಿನವರನ್ನು ಕರೆದರು. ಆಮೇಲೆ ಮತ್ತೆ ಕೇಳಿದರು. ನಾನು ಇನ್ನೂ ಗಟ್ಟಿಯಾಗಿ "ಗ್ರ್ಯಾಂಡ್" ಅಂದೆ. ಮತ್ತೆ ಬೇರೆಯವರು. ಬೇಜಾರಾಗಿ ಎದ್ದು ಅಡುಗೆಮನೆಗೆ ಹೋದೆ. ಅಷ್ಟರಲ್ಲಿ ಡ್ಯೂಟಿ ಮುಗಿಸಿ ಹೆಂಡತಿ ಬಂದಳು. ನಡೆದದ್ದು ಹೇಳಿದೆ.

"ಅಯ್ಯೋ, ಏನಾದ್ರೂ ಬೇಕಾ, ಮಾಡ್ತೀರಾ ಅಂದಾಗ ಗ್ರ್ಯಾಂಡ್ ಅಂದ್ರೆ ಇಲ್ಲಿ ಬೇಡ ಅಂತ ಕಣ್ರೀ. ನಮ್ ವಾರ್ಡಲ್ಲಿ ಟೀ ಬೇಡ ಅನ್ನೋಕೂ ಹಂಗೇ ಅಂತಾರೆ. ಬನ್ನಿ ಈಗ."

"ಬಿಡೇ, ನಾಚಿಕೆ ಆಗುತ್ತೆ."

ಅವಳು ತೋಳು ಹಿಡಿದು ಎಳೆದಳು, ನಾನು ಬಾಗಿಲು ಹಿಡಿದುಕೊಂಡೆ. ದರದರ ಎಳೆದು ತಂದು ಲ್ಯಾಪ್‌ಟಾಪ್ ಮುಂದೆ ಕೂರಿಸಿದಳು. ಕ್ಯಾಮೆರಾ ಆನ್ ಇತ್ತು.

ನನ್ನ ಬರಹ ಓದಿದ್ದ ಟೀಚರ್ ಚಪ್ಪಾಳೆ ತಟ್ಟಿದರು. ಸಂಪ್ರದಾಯವನ್ನು ಅಭಿನಯಿಸಿಯೇ ತೋರಿಸಿದಿರಿ ಅಂದರು. ನಾನು ಅಲ್ಲ ಅನ್ನಲಿಲ್ಲ. ಐದು ನಿಮಿಷ ಮಾತಾಡಿದೆ.

ಸರ್ಟಿಫಿಕೇಟು ಅಂಚೆಯಲ್ಲಿ ಬಂದ ದಿನ ಹೆಂಡತಿ ಕೇಳಿದಳು, "ಟೀ ಕುಡೀತೀರಾ?"

ಖುಷಿಯಲ್ಲಿ "ಗ್ರ್ಯಾಂಡ್" ಅಂದೆ. ಅವಳು ಒಂದೇ ಲೋಟ ಕಾಯಿಸಿಕೊಂಡಳು.